ಒಂದು ಹನಿ ಒಣಗಿದ ರಕ್ತ, ಒಂದು ರಾತ್ರಿಯ ಕೆಲಸ: ಎಂಜೈಮನ್ನು ತೂಗಿ ನೋಡೋ ಯಂತ್ರದ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಇವತ್ತಿನ ವಿಷಯ ಕೇಳಿದ್ರೆ ಕೆಲವರು ಫೋನ್ ಪಕ್ಕಕ್ಕೆ ಇಡಬಹುದು. ಪ್ರಯೋಗಾಲಯದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಅನ್ನೋ ಯಂತ್ರ ಇಟ್ಕೊಂಡು ಎಂಜೈಮ್ ಎಷ್ಟು ಕೆಲಸ ಮಾಡ್ತಿದೆ ಅಂತ ಅಳೆಯೋದು ಹೇಗೆ. ನಾನು ಬಿ.ಕಾಂ. ಓದಿದವಳು. ಪಿಯುಸಿಗೆ ವಿಜ್ಞಾನ ತಗೊಳ್ಳಲ್ಲ ಅಂತ ಮನೇಲಿ ಜಗಳ ಮಾಡಿದವಳು. ನಾನ್ಯಾಕೆ ಈ ವಿಷಯ ಹಿಡ್ಕೊಂಡೆ? ಒಂದು ಫೋನ್ ಕಾಲ್‌ನಿಂದ.

ನಮ್ಮ ದೊಡ್ಡಮ್ಮನ ಮಗಳು ಅಮೆರಿಕದಲ್ಲಿದ್ದಾಳೆ. ಅವಳಿಗೆ ಮಗು ಹುಟ್ಟಿ ಎಂಟನೇ ದಿನ. ನಮಗೆ ರಾತ್ರಿ ಹತ್ತೂವರೆ. ವಾಟ್ಸಾಪ್ ಕಾಲ್ ಬಂತು. ಮಗು ತೋರಿಸೋಕೆ ಅಂದ್ಕೊಂಡು ಎತ್ತಿದೆ. ಅಕ್ಕ ಅಳ್ತಿದ್ದಳು. "ಆಸ್ಪತ್ರೆಯಿಂದ ಫೋನ್ ಮಾಡಿದ್ರು ಕಣೇ. ಮಗು ರಕ್ತದಲ್ಲಿ ಯಾವುದೋ ಎಂಜೈಮ್ ಕಡಿಮೆ ಇದೆಯಂತೆ. ಪಾಂಪೆ ಅಂತೆ. ನಾಳೆನೇ ಬನ್ನಿ, ಹಾರ್ಟ್ ಸ್ಕ್ಯಾನ್ ಮಾಡ್ಬೇಕು ಅಂದ್ರು."

ನಾನು ಫೋನ್ ಕಿವಿಗಿಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ತೆಗೆದು ಹುಡುಕಿದೆ. ಹುಡುಕಬಾರದಿತ್ತು. ಮೊದಲ ಸಾಲಲ್ಲೇ ಇತ್ತು: ಶಿಶುಗಳಲ್ಲಿ ಬರೋ ತೀವ್ರ ರೂಪಕ್ಕೆ ಚಿಕಿತ್ಸೆ ಸಿಗದಿದ್ರೆ ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಸಾವು. ನಾನು ಅದನ್ನ ಅಕ್ಕನಿಗೆ ಓದಿ ಹೇಳಲಿಲ್ಲ. ಅವಳೂ ಆಗಲೇ ಓದಿದ್ದಳು ಅಂತ ಆಮೇಲೆ ಗೊತ್ತಾಯ್ತು.

ಆ ಮಗುಗೆ ಏನಾಯ್ತು ಅಂತ ಹೇಳ್ತೀನಿ. ಅದಕ್ಕೆ ಮುಂಚೆ, ಆ ಹದಿನೈದು ದಿನ ನಿದ್ದೆ ಬಿಟ್ಟು ನಾನು ಓದಿಕೊಂಡಿದ್ದನ್ನ ಹೇಳ್ತೀನಿ. "ಎಂಜೈಮ್ ಕಡಿಮೆ ಇದೆ" ಅನ್ನೋ ಮಾತಿನ ಅರ್ಥ ಏನು, ಅದನ್ನ ಯಾರು ಹೇಗೆ ಅಳೆದ್ರು ಅಂತ ಗೊತ್ತಿದ್ದಿದ್ರೆ ಅಕ್ಕ ಆ ರಾತ್ರಿ ಸ್ವಲ್ಪ ಕಡಿಮೆ ಅಳ್ತಿದ್ದಳೇನೋ.

ಹಾಜರಿ ಬೇರೆ, ಕೆಲಸ ಬೇರೆ

ಮೊದಲು ಪಾಂಪೆ ಅಂದ್ರೇನು ನೋಡೋಣ. ಇದು ಒಬ್ಬ ವೈದ್ಯರ ಹೆಸರು. ನೆದರ್‌ಲ್ಯಾಂಡ್ಸ್‌ನ ಯೊಹಾನೆಸ್ ಪಾಂಪೆ 1932ರಲ್ಲಿ ಈ ಕಾಯಿಲೆಯನ್ನ ವಿವರಿಸಿದ್ರು. ನಮ್ಮ ಜೀವಕೋಶಗಳ ಒಳಗೆ ಲೈಸೋಸೋಮ್ ಅನ್ನೋ ಚಿಕ್ಕ ಚೀಲಗಳಿವೆ. ಹಳೇ ಸಾಮಾನನ್ನ ಒಡೆದು ಮರುಬಳಕೆಗೆ ಕಳಿಸೋ ಗುಜರಿ ಅಂಗಡಿ ಅಂದ್ಕೊಳ್ಳಿ. ಬೆಲ್ಜಿಯಂನ ಕ್ರಿಶ್ಚಿಯನ್ ಡೆ ಡೂವ್ 1955ರಲ್ಲಿ ಇದನ್ನ ಕಂಡುಹಿಡಿದ್ರು, 1974ರಲ್ಲಿ ನೊಬೆಲ್ ಹಂಚಿಕೊಂಡ್ರು. ಈ ಗುಜರಿ ಅಂಗಡಿಯಲ್ಲಿ ಹತ್ತಾರು ಥರದ ಕೆಲಸಗಾರರಿದ್ದಾರೆ. ಅವರೇ ಎಂಜೈಮ್‌ಗಳು. ಒಬ್ಬೊಬ್ಬರಿಗೂ ಒಂದೊಂದೇ ಕೆಲಸ.

ಅದರಲ್ಲೊಬ್ಬ ಆಸಿಡ್ ಆಲ್ಫಾ ಗ್ಲುಕೋಸಿಡೇಸ್. ಗ್ಲೈಕೋಜನ್ ಅನ್ನೋ ಸಕ್ಕರೆ ದಾಸ್ತಾನನ್ನ ಒಡೆದು ಗ್ಲೂಕೋಸ್ ಮಾಡೋದು ಅವನ ಕೆಲಸ. ಅವನು ಕೆಲಸ ಮಾಡದಿದ್ರೆ ಗ್ಲೈಕೋಜನ್ ಚೀಲದೊಳಗೇ ಗುಡ್ಡೆ ಬೀಳುತ್ತೆ. ಸ್ನಾಯು ದುರ್ಬಲ ಆಗುತ್ತೆ, ಶಿಶುಗಳಲ್ಲಿ ಹೃದಯ ದೊಡ್ಡದಾಗುತ್ತೆ. ಈ ಕಾಯಿಲೆಗೆ ಕಾರಣ ಈ ಒಂದು ಎಂಜೈಮಿನ ಕೊರತೆ ಅಂತ 1963ರಲ್ಲಿ ಬೆಲ್ಜಿಯಂನ ಹರ್ಸ್ ಅನ್ನೋ ವಿಜ್ಞಾನಿ ತೋರಿಸಿದ್ರು.

ಈಗ ಪ್ರಶ್ನೆ. ಒಂದು ಎಂಜೈಮ್ ಇದೆಯಾ ಇಲ್ವಾ ಅಂತ ನೋಡೋಕೆ ಎರಡು ದಾರಿ. ಒಂದು, ತಲೆ ಎಣಿಸೋದು. ಎರಡು, ಕೆಲಸ ಎಣಿಸೋದು. ಇವೆರಡೂ ಒಂದೇ ಅಲ್ಲ.

ನಮ್ಮದು ಸಾಗರದ ಕಡೆ ಊರು. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಅಂಗಳದಲ್ಲಿ ಲೈಟು ಹಾಕಿ ಅಡಿಕೆ ಸುಲಿಯೋದು ನೋಡೇ ನಾನು ಬೆಳೆದಿದ್ದು. ಸಾಲಾಗಿ ಮೆಟ್ಟುಗತ್ತಿ ಇಟ್ಕೊಂಡು ಕೂತು ಸುಲೀತಾರೆ. ನಮ್ಮ ಅಜ್ಜಿ ಯಾವತ್ತೂ "ಇವತ್ತು ಎಷ್ಟು ಜನ ಬಂದಿದ್ರು" ಅಂತ ಕೂಲಿ ಕೊಟ್ಟವರಲ್ಲ. ಎಷ್ಟು ಸುಲಿದ್ರು ಅಂತ ಅಳೆದು ಕೊಡ್ತಿದ್ರು. ಯಾಕಂದ್ರೆ ಹತ್ತು ಜನ ಬಂದು, ಅದರಲ್ಲಿ ಇಬ್ಬರು ತೂಕಡಿಸ್ತಾ ಕೂತಿರಬಹುದು. ಒಬ್ಬರ ಕತ್ತಿ ಮೊಂಡಾಗಿರಬಹುದು.

ಎಂಜೈಮ್ ಕೂಡ ಹಾಗೇ. ಕೋಶದಲ್ಲಿ ಆ ಪ್ರೋಟೀನ್ ಇರಬಹುದು, ಆದರೆ ಮಡಚಿಕೊಂಡಿರೋ ಆಕಾರ ತಪ್ಪಿದ್ರೆ ಕತ್ತಿ ಮೊಂಡು. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಕೆಲಸ ಇಲ್ಲ. ಹಾಗಾದ್ರೆ ನೇರವಾಗಿ ಡಿಎನ್‌ಎ ಓದಿದ್ರೆ ಸಾಕಲ್ವಾ ಅಂತ ನೀವು ಕೇಳಬಹುದು. ಅದು ನೇಮಕಾತಿ ಪತ್ರ ಓದಿದ ಹಾಗೆ. ಪತ್ರದಲ್ಲಿ ಒಂದು ಅಕ್ಷರ ಬದಲಾಗಿದೆ ಅಂತ ಗೊತ್ತಾಗುತ್ತೆ. ಅದರಿಂದ ಕೆಲಸ ಕೆಡುತ್ತಾ ಇಲ್ವಾ ಅನ್ನೋದು ಎಷ್ಟೋ ಬದಲಾವಣೆಗಳ ವಿಷಯದಲ್ಲಿ ಓದಿದ ಮಾತ್ರಕ್ಕೆ ತಿಳಿಯಲ್ಲ. ಕೆಲಸ ಕೊಟ್ಟು ನೋಡಬೇಕು. ಹೀಗೆ ಕೆಲಸ ಕೊಟ್ಟು, ಗಂಟೆಗೆ ಎಷ್ಟು ಮಾಡಿದೆ ಅಂತ ಅಳೆಯೋದನ್ನೇ ಎಂಜೈಮಿನ ಚಟುವಟಿಕೆ ಅಳೆಯೋದು ಅಂತಾರೆ.

ಹಿಮ್ಮಡಿಯಿಂದ ಒಂದು ಹನಿ

ಮಗು ಹುಟ್ಟಿ ಒಂದೆರಡು ದಿನಕ್ಕೆ ಹಿಮ್ಮಡಿ ಚುಚ್ಚಿ, ದಪ್ಪ ಫಿಲ್ಟರ್ ಕಾಗದದ ಮೇಲೆ ಕೆಲವು ಹನಿ ರಕ್ತ ಇಳಿಸ್ತಾರೆ. ಅದು ಒಣಗುತ್ತೆ. ಒಣಗಿದ ಮೇಲೆ ಲಕೋಟೆಗೆ ಹಾಕಿ ಲ್ಯಾಬಿಗೆ ಕಳಿಸ್ತಾರೆ. ಈ ಉಪಾಯ ರಾಬರ್ಟ್ ಗುತ್ರಿ ಅನ್ನೋ ಅಮೆರಿಕನ್ ವಿಜ್ಞಾನಿಯದ್ದು, 1960ರ ದಶಕದ ಆರಂಭದ್ದು. ಅವರಿಗೆ ಬುದ್ಧಿಮಾಂದ್ಯತೆ ಇದ್ದ ಒಬ್ಬ ಮಗ ಇದ್ದ. ಅವರ ಸಂಬಂಧಿ ಹುಡುಗಿಗೆ ಪಿಕೆಯು ಅನ್ನೋ ಕಾಯಿಲೆ ಇತ್ತು. ಹುಟ್ಟಿದ ಕೂಡಲೇ ಗೊತ್ತಾಗಿ ಆಹಾರ ಬದಲಿಸಿದ್ರೆ ಪಿಕೆಯು ಇರೋ ಮಗುವಿನ ಮೆದುಳು ಉಳಿಯುತ್ತೆ. ಹಾಗಾಗಿ ಅವರು ಎಲ್ಲ ಮಕ್ಕಳಿಗೂ ಮಾಡಬಹುದಾದ ಅಗ್ಗದ ಪರೀಕ್ಷೆ ಕಟ್ಟಿದ್ರು.

ಗುತ್ರಿ ಅಳೆದಿದ್ದು ರಕ್ತದಲ್ಲಿ ಒಂದು ವಸ್ತು ಎಷ್ಟು ಸೇರಿಕೊಂಡಿದೆ ಅನ್ನೋದನ್ನ. ಅಂದ್ರೆ ಗೋಡೌನಿನಲ್ಲಿ ಎಷ್ಟು ಮೂಟೆ ಬಿದ್ದಿದೆ ಅಂತ. ಕೆಲಸಗಾರನ ಕೈಯನ್ನೇ ಪರೀಕ್ಷೆ ಮಾಡಿದ್ದಲ್ಲ. ಒಣಗಿ, ಅಂಚೆಯಲ್ಲಿ ಓಡಾಡಿ ಬಂದ ರಕ್ತದ ಕಲೆಯಲ್ಲಿ ಎಂಜೈಮ್ ಇನ್ನೂ ಕೆಲಸ ಮಾಡೋ ಸ್ಥಿತಿಯಲ್ಲಿ ಇರುತ್ತಾ? 2001ರ ಹೊತ್ತಿಗೆ ಅರ್ಜೆಂಟೀನಾದ ನೆಸ್ಟರ್ ಚಾಮೋಲೆಸ್ ಇರುತ್ತೆ ಅಂತ ತೋರಿಸಿದ್ರು. ಒಣ ಕಾಗದಕ್ಕೆ ನೀರು ಬಿದ್ದ ಕೂಡಲೇ ಲೈಸೋಸೋಮಿನ ಎಂಜೈಮ್‌ಗಳು ಮತ್ತೆ ಕೆಲಸ ಶುರು ಮಾಡ್ತಾವೆ. ಇದನ್ನ ಓದಿದಾಗ ನನಗೆ ಹೆಪ್ಪು ನೆನಪಾಯ್ತು. ನಮ್ಮಲ್ಲಿ ಬಟ್ಟೆಗೆ ಮೊಸರು ಹಚ್ಚಿ ಒಣಗಿಸಿ ದೂರದ ಊರಿಗೆ ಒಯ್ದವರ ಕಥೆ ಕೇಳಿದ್ದೀನಲ್ಲ, ಅದೇ ಥರ.

ಪಾಂಪೆ ಸ್ನಾಯುವಿನ ಕಾಯಿಲೆ, ರಕ್ತ ಯಾಕೆ ಅಂದ್ರೆ, ಆ ಎಂಜೈಮ್ ಬಿಳಿ ರಕ್ತಕಣಗಳಲ್ಲೂ ಇರುತ್ತೆ. ಜೀನ್ ಒಂದೇ. ಅಲ್ಲಿ ಮೊಂಡಾಗಿದ್ರೆ ಇಲ್ಲೂ ಮೊಂಡು.

ತೂಕದಿಂದ ಗುರುತು

ಈಗ ಲ್ಯಾಬಿಗೆ ಹೋಗೋಣ. ಒಣಗಿದ ಕಲೆಯಿಂದ ಸುಮಾರು 3 ಮಿಲಿಮೀಟರ್ ಅಗಲದ ಒಂದು ಬಿಲ್ಲೆ ಪಂಚ್ ಮಾಡ್ತಾರೆ. ಬಸ್ ಕಂಡಕ್ಟರ್ ಟಿಕೆಟ್‌ಗೆ ತೂತು ಹೊಡೆದ ಹಾಗೆ. ಅದರಲ್ಲಿ ಇರೋದು ಸುಮಾರು 3 ಮೈಕ್ರೋಲೀಟರ್ ರಕ್ತ. ಅದನ್ನ ಒಂದು ಪುಟ್ಟ ಗುಂಡಿಗೆ ಹಾಕಿ, ದ್ರಾವಣ ಸೇರಿಸಿ, ಜೊತೆಗೆ ಸುಲಿಯದ ಅಡಿಕೆ ಹಾಕ್ತಾರೆ.

ಸುಲಿಯದ ಅಡಿಕೆ ಅಂದ್ರೆ ಎಂಜೈಮ್ ಕತ್ತರಿಸಬೇಕಾದ ವಸ್ತು. ನಿಜವಾದ ಗ್ಲೈಕೋಜನ್ ಅಲ್ಲ, ಲ್ಯಾಬಿನಲ್ಲೇ ತಯಾರಿಸಿದ ಅಣು. ಒಂದು ತುದಿಯಲ್ಲಿ ಗ್ಲೂಕೋಸ್, ಇನ್ನೊಂದು ತುದಿಯಲ್ಲಿ ಯಂತ್ರಕ್ಕೆ ಚೆನ್ನಾಗಿ ಕಾಣೋ ಒಂದು ಬಾಲ. ಎಂಜೈಮ್ ಕೆಲಸ ಮಾಡಿದ್ರೆ ಗ್ಲೂಕೋಸ್ ತುಂಡಾಗಿ ಬೀಳುತ್ತೆ, ಬಾಲ ಮಾತ್ರ ಉಳಿಯುತ್ತೆ. ಅದೇ ಸುಲಿದ ಅಡಿಕೆ.

ಆಮೇಲೆ 37 ಡಿಗ್ರಿ ಸೆಲ್ಸಿಯಸ್, ಅಂದ್ರೆ ಮೈ ಬಿಸಿಯಷ್ಟೇ ಬಿಸಿಯಲ್ಲಿ, ರಾತ್ರಿಯಿಡೀ ಬಿಡ್ತಾರೆ. ಬೆಳಿಗ್ಗೆ ಬಂದು ಕೆಲಸ ನಿಲ್ಲಿಸಿ, ಬೇಕಾದ ಭಾಗ ಬೇರ್ಪಡಿಸಿ, ಯಂತ್ರಕ್ಕೆ ಕೊಡ್ತಾರೆ.

ಮಾಸ್ ಸ್ಪೆಕ್ಟ್ರೋಮೀಟರ್ ಅಂದ್ರೆ ಮೂಲತಃ ಅಣುಗಳ ತಕ್ಕಡಿ. ಅಣುವಿಗೆ ವಿದ್ಯುದಾವೇಶ ಕೊಟ್ಟು, ಗಾಳಿಯಿಲ್ಲದ ಕೊಳವೆಯೊಳಗೆ ಹಾರಿಸಿ, ವಿದ್ಯುತ್ ಕ್ಷೇತ್ರದಲ್ಲಿ ಅದು ಹೇಗೆ ಚಲಿಸುತ್ತೆ ಅಂತ ನೋಡಿ ತೂಕ ಹೇಳುತ್ತೆ. ಹಿಂದೆ ಸೂಕ್ಷ್ಮ ಜೈವಿಕ ಅಣುಗಳನ್ನ ಮುರಿಯದೆ ಹಾರಿಸೋದೇ ಕಷ್ಟ ಇತ್ತು. ಜಾನ್ ಫೆನ್ ಅನ್ನೋರು ಎಲೆಕ್ಟ್ರೋಸ್ಪ್ರೇ ಅನ್ನೋ ವಿಧಾನದಿಂದ ಅದನ್ನ ಸಾಧ್ಯ ಮಾಡಿದ್ರು. ದ್ರಾವಣವನ್ನ ತೆಳು ಸೂಜಿಯಿಂದ, ಜೋರು ವೋಲ್ಟೇಜಿನಲ್ಲಿ, ಮಂಜಿನ ಹಾಗೆ ಚಿಮ್ಮಿಸೋದು. ಹನಿ ಆರುತ್ತಾ ಹೋಗುತ್ತೆ, ಕೊನೆಗೆ ಆವೇಶ ಹೊತ್ತ ಅಣು ಉಳಿಯುತ್ತೆ. 2002ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ತು. ಆಗ ಅವರ ವಯಸ್ಸು 85. ಜೊತೆಗೆ ಪ್ರಶಸ್ತಿ ಹಂಚಿಕೊಂಡ ಜಪಾನಿನ ಕೊಯಿಚಿ ತನಾಕಾ ಪಿಎಚ್‌ಡಿ ಕೂಡ ಮಾಡಿರದ ಕಂಪನಿ ಇಂಜಿನಿಯರ್. ಬಿ.ಕಾಂ. ಹುಡುಗಿಗೆ ಇದು ಸಮಾಧಾನ ತರೋ ವಿಷಯ.

ಪಾಂಪೆ ಪರೀಕ್ಷೆಯಲ್ಲಿ ಬಳಸೋ ಒಂದು ಪ್ರಸಿದ್ಧ ಅಣುವಿನಲ್ಲಿ, ಸುಲಿದ ಅಡಿಕೆ ಯಂತ್ರದಲ್ಲಿ ಕಾಣೋದು 498ರ ಹತ್ತಿರ. ಸುಲಿಯದ್ದು ಅದಕ್ಕಿಂತ 162 ಹೆಚ್ಚು, ಗ್ಲೂಕೋಸ್ ತುಂಡಿನ ತೂಕ. ಯಂತ್ರದ ಮೊದಲ ಭಾಗ 498 ಮಾತ್ರ ಒಳಗೆ ಬಿಡುತ್ತೆ, ಗೇಟಲ್ಲಿ ಪಾಸ್ ನೋಡೋ ಸೆಕ್ಯೂರಿಟಿ ಥರ. ಮಧ್ಯದಲ್ಲಿ ಅನಿಲಕ್ಕೆ ಡಿಕ್ಕಿ ಹೊಡೆಸಿ ಒಡೀತಾರೆ. ಕೊನೇ ಭಾಗ ಒಡೆದ ತುಂಡಿನ ತೂಕ ನೋಡುತ್ತೆ. ಎರಡು ಕಡೆ ತಾಳೆ ಆದ್ರೆ ಮಾತ್ರ ಲೆಕ್ಕಕ್ಕೆ. ಎರಡು ಸಲ ತೂಕ ನೋಡೋದ್ರಿಂದ ಇದಕ್ಕೆ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೆಟ್ರಿ ಅಂತ ಹೆಸರು. ಒಂದು ಮಗುವಿನ ಮಾದರಿಗೆ ಯಂತ್ರದಲ್ಲಿ ಬೇಕಾಗೋದು ಕೆಲವೇ ನಿಮಿಷ.

ಕೆಂಪು ಬಣ್ಣ ಬಳಿದ ಅಡಿಕೆ

ಇಲ್ಲಿ ಒಂದು ಸಮಸ್ಯೆ ಇದೆ, ನನಗೆ ಅತಿ ಇಷ್ಟವಾದ ಭಾಗ ಇದೇ.

ಗುಂಡಿಯಿಂದ ಯಂತ್ರದವರೆಗೆ ಹೋಗೋವಾಗ ಸ್ವಲ್ಪ ಮಾಲು ಕಳೆದುಹೋಗುತ್ತೆ. ಇವತ್ತು ಸ್ಪ್ರೇ ಚೆನ್ನಾಗಿ ಆಗಬಹುದು, ನಾಳೆ ಸ್ವಲ್ಪ ಕಡಿಮೆ. ಹಾಗಾದ್ರೆ ಕಡಿಮೆ ಕಂಡಿದ್ದು ಕೆಲಸಗಾರನ ತಪ್ಪಾ, ದಾರಿಯಲ್ಲಿ ಸೋರಿದ್ದಾ?

ಉಪಾಯ ಹೀಗೆ. ಅಜ್ಜಿ ಸುಲಿದ ಅಡಿಕೆಯನ್ನ ಮೂಟೆ ಕಟ್ಟಿ ಮಂಡಿಗೆ ಕಳಿಸ್ತಾರೆ, ದಾರಿಯಲ್ಲಿ ಮೂಟೆ ಹರಿದಿದೆ ಅನ್ನೋ ಅನುಮಾನ ಅಂದ್ಕೊಳ್ಳಿ. ಕಳಿಸೋ ಮುಂಚೆ ಸರಿಯಾಗಿ ಎಣಿಸಿದ ನೂರು ಅಡಿಕೆಗೆ ಕೆಂಪು ಬಣ್ಣ ಬಳಿದು ಬೆರೆಸಿಬಿಟ್ರೆ? ಮಂಡಿಯಲ್ಲಿ ಕೆಂಪು ಅಡಿಕೆ ಐವತ್ತೇ ಸಿಕ್ಕಿದ್ರೆ ಅರ್ಧ ಮಾಲು ಸೋರಿದೆ ಅಂತ ಅರ್ಥ. ಮಾಮೂಲಿ ಅಡಿಕೆ ಎಷ್ಟು ಸಿಕ್ಕಿದ್ರೂ ಎರಡರಿಂದ ಗುಣಿಸಿದ್ರೆ ಆಯ್ತು.

ಮಾಸ್ ಸ್ಪೆಕ್ಟ್ರೋಮೀಟರಿಗೆ ಬಣ್ಣ ಕಾಣಲ್ಲ, ತೂಕ ಕಾಣುತ್ತೆ. ಹಾಗಾಗಿ ಸುಲಿದ ಅಡಿಕೆಯ ಅದೇ ಅಣುವನ್ನ, ಐದು ಹೈಡ್ರೋಜನ್ ತೆಗೆದು ಅದರ ಜಾಗಕ್ಕೆ ಭಾರವಾದ ಹೈಡ್ರೋಜನ್, ಅಂದ್ರೆ ಡ್ಯುಟೀರಿಯಂ ಹಾಕಿ ತಯಾರಿಸ್ತಾರೆ. ಗುಣ ಎಲ್ಲ ಒಂದೇ, ತೂಕ ಮಾತ್ರ 5 ಹೆಚ್ಚು. 498ರ ಬದಲು 503. ಇದನ್ನ ಅಳತೆ ಮಾಡಿ ಮೊದಲೇ ಹಾಕಿರ್ತಾರೆ. 498ನ್ನ 503ರಿಂದ ಭಾಗಿಸಿದ್ರೆ, ಎಷ್ಟು ಸುಲಿದಿದೆ ಅಂತ ಸಿಗುತ್ತೆ. ರಕ್ತದ ಪ್ರಮಾಣ ಗೊತ್ತು, ಗಂಟೆ ಗೊತ್ತು. ಉತ್ತರ ಬರೋದು ಒಂದು ಲೀಟರ್ ರಕ್ತಕ್ಕೆ, ಒಂದು ಗಂಟೆಗೆ, ಇಷ್ಟು ಮೈಕ್ರೋಮೋಲ್ ಅಂತ. ನಮ್ಮ ಕಾಸ್ಟ್ ಅಕೌಂಟಿಂಗ್‌ನಲ್ಲಿ ಬರೋ ಪೀಸ್ ರೇಟ್ ಲೆಕ್ಕವೇ.

ಈ ಪದ್ಧತಿಯನ್ನ ಮುಖ್ಯವಾಗಿ ಕಟ್ಟಿದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈಕಲ್ ಗೆಲ್ಬ್, ಫ್ರಾಂಟಿಶೆಕ್ ತುರೆಚೆಕ್ ಮತ್ತು ರೊನಾಲ್ಡ್ ಸ್ಕಾಟ್. 2004ರಲ್ಲಿ ಅವರ ತಂಡ ಒಣ ರಕ್ತದಿಂದ ಹಲವು ಲೈಸೋಸೋಮ್ ಎಂಜೈಮ್‌ಗಳನ್ನ ಒಟ್ಟಿಗೆ ಅಳೆಯೋ ವಿಧಾನ ಪ್ರಕಟಿಸಿತು. ಆ ಪ್ರಬಂಧದ ಲೇಖಕರಲ್ಲಿ ಚಾಮೋಲೆಸ್ ಕೂಡ ಇದ್ರು. ಒಟ್ಟಿಗೆ ಅಳೆಯೋಕೆ ಆಗೋದು ಹೇಗೆ? ಒಂದೊಂದು ಎಂಜೈಮಿನ ಸುಲಿದ ಅಡಿಕೆಗೂ ಬೇರೆ ಬೇರೆ ತೂಕ ಬರೋ ಹಾಗೆ ಅಣು ವಿನ್ಯಾಸ ಮಾಡಿದ್ರೆ, ಎಲ್ಲವನ್ನೂ ಒಂದೇ ಸಲ ಯಂತ್ರಕ್ಕೆ ಕೊಡಬಹುದು. ಪಾಂಪೆ, ಗೋಶೆ, ಫ್ಯಾಬ್ರಿ, ಕ್ರಾಬೆ, ಹೀಗೆ ಬೇರೆ ಬೇರೆ ಕಾಯಿಲೆಗಳ ಲೆಕ್ಕ ಒಂದೇ ಸಲಕ್ಕೆ.

ಮೋಸ ಎಲ್ಲೆಲ್ಲಿ ಆಗಬಹುದು?

ಆಡಿಟ್ ಓದಿದವರಿಗೆ ಒಂದು ಚಟ. ಲೆಕ್ಕ ಸರಿ ಇದೆ ಅಂದ ಕೂಡಲೇ ಎಲ್ಲಿ ತಪ್ಪಿರಬಹುದು ಅಂತ ಹುಡುಕೋದು. ಇಲ್ಲೂ ನಾಲ್ಕು ಕಡೆ ತಪ್ಪಬಹುದು.

ಒಂದು, ಬೇರೆ ಕೆಲಸಗಾರ. ರಕ್ತದಲ್ಲಿ ಗ್ಲೂಕೋಸ್ ಕತ್ತರಿಸೋ ಇನ್ನೊಂದು ಎಂಜೈಮ್ ಇದೆ, ಮಾಲ್ಟೇಸ್ ಗ್ಲುಕೋಅಮೈಲೇಸ್. ಅದು ಇದೇ ರಾಶಿಗೆ ಕೈ ಹಾಕಿದ್ರೆ, ಪಾಂಪೆ ಇರೋ ಮಗುವಿನಲ್ಲೂ ಅಡಿಕೆ ಸುಲಿದಿರೋ ಹಾಗೆ ಕಾಣುತ್ತೆ. ಕಾಯಿಲೆ ತಪ್ಪಿಹೋಗುತ್ತೆ. ಅದನ್ನ ಸುಮ್ಮನೆ ಕೂರಿಸೋಕೆ ಅಕಾರ್ಬೋಸ್ ಹಾಕ್ತಾರೆ. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಶುಗರ್ ಇರೋರಿಗೆ ಊಟದ ಜೊತೆ ಕೊಡೋ ಮಾತ್ರೆಗಳಲ್ಲಿ ಒಂದು ಅದು. ಕರುಳಿನಲ್ಲೂ ಅದು ಮಾಡೋದು ಇದೇ ಕೆಲಸ, ಪಿಷ್ಟ ಒಡೆಯೋ ಎಂಜೈಮಿನ ಕೈ ಕಟ್ಟೋದು.

ಎರಡು, ಯಂತ್ರದ್ದೇ ಮೋಸ. ಸ್ಪ್ರೇ ಆಗೋ ಜಾಗದ ಬಿಸಿ, ವೋಲ್ಟೇಜಿಗೆ ಸುಲಿಯದ ಅಡಿಕೆಯ ಸಿಪ್ಪೆ ತಾನಾಗೇ ಕಿತ್ತು ಬರಬಹುದು. ಯಾರೂ ಸುಲಿಯದೆ ಸುಲಿದ ಲೆಕ್ಕ. ಅದಕ್ಕೆ ರಕ್ತವೇ ಇಲ್ಲದ ಬರೀ ಕಾಗದದ ಬಿಲ್ಲೆಯನ್ನೂ ಜೊತೆಗೆ ನಡೆಸ್ತಾರೆ. ಅದರಲ್ಲಿ ಬಂದಷ್ಟನ್ನ ಎಲ್ಲದರಿಂದ ಕಳೀತಾರೆ. ಯಂತ್ರಕ್ಕೆ ಕೊಡೋ ಮುಂಚೆ ಸುಲಿಯದ್ದನ್ನ ಬೇರ್ಪಡಿಸಿದ್ರೆ ಇನ್ನೂ ಒಳ್ಳೇದು.

ಮೂರು, ರಾಶಿ ಖಾಲಿ ಆಗೋದು. ನೂರೇ ಅಡಿಕೆ ಕೊಟ್ರೆ ಚುರುಕಾಗಿರೋನೂ ನೂರು ಸುಲೀತಾನೆ, ನಿಧಾನದೋನೂ ಬೆಳಗಾಗೋದ್ರೊಳಗೆ ನೂರು ಸುಲೀತಾನೆ. ವ್ಯತ್ಯಾಸವೇ ಕಾಣಲ್ಲ. ಹಾಗಾಗಿ ಬೆಳಿಗ್ಗೆ ನೋಡಿದಾಗಲೂ ಹೆಚ್ಚಿನ ರಾಶಿ ಉಳಿದೇ ಇರೋಷ್ಟು ಕೊಡಬೇಕು.

ನಾಲ್ಕು, ಬಿಸಿಲು. ಇದು ನಮ್ಮ ದೇಶಕ್ಕೆ ಮುಖ್ಯ. ಸೆಕೆ ಮತ್ತು ತೇವದಲ್ಲಿ ಒಣ ರಕ್ತದ ಎಂಜೈಮ್ ಹಾಳಾಗುತ್ತೆ. ಮೇ ತಿಂಗಳಲ್ಲಿ ರಾಯಚೂರಿನಿಂದ ಹೊರಟ ಲಕೋಟೆ, ಜೂನ್ ಮಳೆಯಲ್ಲಿ ಮಂಗಳೂರಿನಿಂದ ಹೊರಟ ಲಕೋಟೆ, ಎರಡೂ ತಲುಪೋ ಹೊತ್ತಿಗೆ ಕೆಲಸಗಾರರು ಬಸವಳಿದಿರ್ತಾರೆ. ಮಗು ಚೆನ್ನಾಗಿದ್ರೂ "ಕಡಿಮೆ" ಅಂತ ಬರಬಹುದು. ಇಲ್ಲಿ ಹಲವು ಎಂಜೈಮ್ ಒಟ್ಟಿಗೆ ಅಳೆಯೋದರ ಲಾಭ ಗೊತ್ತಾಗುತ್ತೆ. ಎಲ್ಲವೂ ಒಟ್ಟಿಗೆ ಬಿದ್ದಿದ್ರೆ ಮೊದಲು ಮಾದರಿಯ ಮೇಲೆ ಅನುಮಾನ. ಉಳಿದವೆಲ್ಲ ಸರಿ ಇದ್ದು ಒಂದೇ ಒಂದು ಬಿದ್ದಿದ್ರೆ ಮಗುವಿನ ಕಡೆ ಗಮನ. ಅಂಗಡಿ ಬೀದಿಯಲ್ಲಿ ಎಲ್ಲರ ವ್ಯಾಪಾರ ಕುಸಿದಿದ್ರೆ ಹಬ್ಬ ಮುಗಿದಿದೆ ಅಂತ, ಒಬ್ಬರದ್ದೇ ಕುಸಿದಿದ್ರೆ ಆ ಅಂಗಡಿಯಲ್ಲಿ ಏನೋ ಇದೆ ಅಂತ.

ಅಳತೆ ಸರಿ, ಉತ್ತರ ಅಷ್ಟು ಸುಲಭ ಅಲ್ಲ

ಈಗ ಸ್ವಲ್ಪ ಭಾರವಾದ ಕಥೆ. ಜಿಮ್ ಕೆಲ್ಲಿ ಅಂತ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಆಟಗಾರ, ಬಫಲೋ ಬಿಲ್ಸ್ ತಂಡದವರು. ಅವರ ಮಗ ಹಂಟರ್ 1997ರಲ್ಲಿ ಹುಟ್ಟಿದ. ಅವನಿಗೆ ಕ್ರಾಬೆ ಕಾಯಿಲೆ ಇತ್ತು. ಇದೂ ಲೈಸೋಸೋಮಿನದ್ದೇ, ಆದರೆ ಬೇರೆ ಎಂಜೈಮ್. ನರಗಳ ಮೇಲಿನ ಹೊದಿಕೆ ಹಾಳಾಗುತ್ತಾ ಹೋಗುತ್ತೆ. ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚೇನೂ ಮಾಡೋಕೆ ಆಗಲ್ಲ. ಹಂಟರ್ 2005ರ ಆಗಸ್ಟ್‌ನಲ್ಲಿ, ಎಂಟು ವರ್ಷಕ್ಕೆ, ತೀರಿಕೊಂಡ. ಅಪ್ಪ ಅಮ್ಮ ಹೋರಾಟ ನಿಲ್ಲಿಸಲಿಲ್ಲ. ಮರುವರ್ಷ, 2006ರ ಆಗಸ್ಟ್‌ನಲ್ಲಿ, ನ್ಯೂಯಾರ್ಕ್ ರಾಜ್ಯ ಹುಟ್ಟೋ ಎಲ್ಲ ಮಕ್ಕಳಿಗೂ ಕ್ರಾಬೆ ಪರೀಕ್ಷೆ ಶುರು ಮಾಡಿತು. ಅಳತೆ, ನಾನು ಈಗ ಹೇಳಿದ ಇದೇ ಪದ್ಧತಿಯಲ್ಲಿ. ಲಕ್ಷಣ ಬರೋ ಮುಂಚೆಯೇ ಗೊತ್ತಾದ್ರೆ ಕಾಂಡಕೋಶದ ಕಸಿ ಮಾಡಿ ಉಳಿಸಬಹುದು ಅನ್ನೋ ಆಸೆ.

ಎಂಟು ವರ್ಷದ ಲೆಕ್ಕ ಕೇಳಿ. ಸುಮಾರು 20 ಲಕ್ಷ ಶಿಶುಗಳ ಪರೀಕ್ಷೆ ಆಯ್ತು. ಶೈಶವದಲ್ಲೇ ಬರೋ ತೀವ್ರ ಕ್ರಾಬೆ ಸಿಕ್ಕಿದ್ದು 5 ಮಕ್ಕಳಲ್ಲಿ. ಅವರಲ್ಲಿ 3 ಮಕ್ಕಳು ತೀರಿಕೊಂಡರು, 2 ಮಕ್ಕಳು ಕಸಿಯ ತೊಡಕಿನಿಂದ, 1 ಮಗು ಚಿಕಿತ್ಸೆ ಇಲ್ಲದೆ. ಉಳಿದ ಇಬ್ಬರಲ್ಲೂ ಬೆಳವಣಿಗೆ ಸಾಕಷ್ಟು ಹಿಂದುಳಿಯಿತು. ಇವರ ಜೊತೆಗೆ 46 ಮಕ್ಕಳು, ಏನೂ ಲಕ್ಷಣ ಇಲ್ಲದವರು, "ಮುಂದೆ ಬರಬಹುದು" ಅನ್ನೋ ಪಟ್ಟಿಯಲ್ಲಿ ಉಳಿದರು.

ಆ 46 ಮನೆಗಳನ್ನ ಯೋಚಿಸಿ. ಮಗು ಆಡ್ತಿದೆ, ಓಡ್ತಿದೆ. ಎಡವಿ ಬಿದ್ರೆ ಅಮ್ಮನ ಎದೆ ಧಸಕ್ ಅನ್ನುತ್ತೆ. ಮಾಮೂಲಿ ಎಡವಿದ್ದಾ, ಶುರುವಾಯ್ತಾ?

ಯಂತ್ರ ತಪ್ಪು ಹೇಳಿರಲಿಲ್ಲ. ಎಂಜೈಮ್ ಕಡಿಮೆ ಇದ್ದಿದ್ದು ನಿಜ. ಆದರೆ ಎಂಜೈಮ್ ಕಡಿಮೆ ಇರೋದು ಬೇರೆ, ಕಾಯಿಲೆ ಇರೋದು ಬೇರೆ. ಕೆಲವರಲ್ಲಿ ಮಾಮೂಲಿಗಿಂತ ತುಂಬಾ ಕಡಿಮೆ ಚಟುವಟಿಕೆ ಇದ್ರೂ ದೇಹಕ್ಕೆ ಅಷ್ಟೇ ಸಾಕಾಗುತ್ತೆ. ಇನ್ನು ಕೆಲವರ ಎಂಜೈಮ್, ಲ್ಯಾಬಿನ ಕೃತಕ ಅಣುವಿನ ಮೇಲೆ ಸರಿಯಾಗಿ ಕೆಲಸ ಮಾಡಲ್ಲ, ದೇಹದೊಳಗೆ ಚೆನ್ನಾಗೇ ಮಾಡುತ್ತೆ. ಇದನ್ನ ಹುಸಿ ಕೊರತೆ ಅಂತ ಕರೀಬಹುದು. ಪಾಂಪೆ ವಿಷಯದಲ್ಲಿ ಪೂರ್ವ ಏಷ್ಯಾದ ಜನರಲ್ಲಿ ಇದು ಸಾಕಷ್ಟು ಕಾಣಿಸುತ್ತೆ.

ಪರಿಹಾರ ಬಂದಿದ್ದೂ ಮಾಸ್ ಸ್ಪೆಕ್ಟ್ರೋಮೀಟರಿನಿಂದಲೇ. ಕ್ರಾಬೆಯಲ್ಲಿ ಸೈಕೋಸಿನ್ ಅನ್ನೋ ವಿಷಕಾರಿ ವಸ್ತು ಸೇರಿಕೊಳ್ಳುತ್ತೆ. ಮೊದಲ ಪರೀಕ್ಷೆಯಲ್ಲಿ ಎಂಜೈಮ್ ಕಡಿಮೆ ಬಂದ್ರೆ, ಅದೇ ಒಣ ರಕ್ತದ ಇನ್ನೊಂದು ಬಿಲ್ಲೆ ತಗೊಂಡು ಸೈಕೋಸಿನ್ ಎಷ್ಟಿದೆ ನೋಡ್ತಾರೆ. ತೀವ್ರ ರೂಪದ ಮಕ್ಕಳಲ್ಲಿ ಅದು ಎದ್ದು ಕಾಣುತ್ತೆ. ಅಂದ್ರೆ ಮೊದಲು ಕೆಲಸಗಾರನ ಕೈ ನೋಡೋದು, ಆಮೇಲೆ ಗೋಡೌನಿನ ಮೂಟೆ ನೋಡೋದು. ಎರಡೂ ತಾಳೆ ಆದ್ರೆ ಮಾತ್ರ ಮನೆಗೆ ಫೋನ್. ಕ್ರಾಬೆ ಅಮೆರಿಕದ ರಾಷ್ಟ್ರೀಯ ಶಿಫಾರಸು ಪಟ್ಟಿಗೆ ಸೇರಿದ್ದು 2024ರಲ್ಲಿ, ನ್ಯೂಯಾರ್ಕ್ ಶುರು ಮಾಡಿ 18 ವರ್ಷ ಆದ ಮೇಲೆ. ಪಾಂಪೆ 2015ರಲ್ಲೇ ಸೇರಿತ್ತು.

ಪಾಂಪೆ ಬೇಗ ಸೇರಿದ್ದಕ್ಕೆ ಕಾರಣ ಇದೆ. ಅದಕ್ಕೆ ಔಷಧ ಇದೆ. ಇಲ್ಲದ ಎಂಜೈಮನ್ನ ಹೊರಗಿಂದ, ಎರಡು ವಾರಕ್ಕೊಮ್ಮೆ, ರಕ್ತನಾಳದ ಮೂಲಕ ಕೊಡೋ ಚಿಕಿತ್ಸೆಗೆ 2006ರಲ್ಲಿ ಒಪ್ಪಿಗೆ ಸಿಕ್ತು. ತೈವಾನ್ 2005ರಲ್ಲೇ ನವಜಾತ ಶಿಶುಗಳಿಗೆ ಪಾಂಪೆ ಪರೀಕ್ಷೆ ಶುರು ಮಾಡಿತ್ತು. ಲಕ್ಷಣ ಬಂದು ವೈದ್ಯರ ಹತ್ತಿರ ಹೋದ ಮಕ್ಕಳಿಗಿಂತ, ಹುಟ್ಟಿದ ಕೂಡಲೇ ಗೊತ್ತಾಗಿ ಚಿಕಿತ್ಸೆ ಸಿಕ್ಕ ಮಕ್ಕಳು ಎಷ್ಟೋ ಚೆನ್ನಾಗಿ ಬೆಳೆದ್ರು, ನಡೆದ್ರು ಅಂತ ಅಲ್ಲಿನ ವೈದ್ಯರು ತೋರಿಸಿದ್ರು. ಇಲ್ಲಿ ಒಂದೊಂದು ದಿನಕ್ಕೂ ಬೆಲೆ ಇದೆ. ಅಕ್ಕನಿಗೆ "ನಾಳೆನೇ ಬನ್ನಿ" ಅಂದಿದ್ದು ಅದಕ್ಕೇ.

ನಮ್ಮ ಮಗು, ನಮ್ಮ ಊರು

ಮರುದಿನ ಹೃದಯದ ಸ್ಕ್ಯಾನ್ ಆಯ್ತು. ಹೃದಯ ಸರಿ ಇತ್ತು. ಅಕ್ಕ ಮೆಸೇಜ್ ಹಾಕಿದ್ದು ಒಂದೇ ಪದ: "ನಾರ್ಮಲ್." ಆದರೆ ಡಿಎನ್‌ಎ ವರದಿ ಬರಬೇಕಿತ್ತು. ಎರಡು ವಾರ. ದೊಡ್ಡಮ್ಮ ಸಿಗಂದೂರಿಗೆ ಹರಕೆ ಹೊತ್ತರು. ನಾನು 498, 503 ಅಂತ ನೋಟ್‌ಬುಕ್ಕಿನಲ್ಲಿ ಬರ್ಕೊಂಡು ಕೂತಿದ್ದೆ. ಇಬ್ಬರದ್ದೂ ಒಂಥರಾ ಜಪವೇ.

ವರದಿ ಬಂತು. ಮಗು ವಾಹಕ. ಅಂದ್ರೆ ಆ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದೆ, ಒಂದು ಚೆನ್ನಾಗಿದೆ. ಕೆಲಸಗಾರರು ಮಾಮೂಲಿಗಿಂತ ಕಡಿಮೆ, ಆದರೆ ಬದುಕೋಕೆ ಬೇಕಾದಷ್ಟಿದ್ದಾರೆ. ಕಾಯಿಲೆ ಇಲ್ಲ. ಈಗ ಅವಳು ಗೋಡೆ ಹಿಡ್ಕೊಂಡು ನಡೀತಾಳೆ, ವಿಡಿಯೋ ಕಾಲ್‌ನಲ್ಲಿ ನನ್ನ ನೋಡಿದ್ರೆ ಫೋನ್ ಕಿತ್ಕೊಂಡು ಕಚ್ಚೋಕೆ ನೋಡ್ತಾಳೆ.

ಆ ಹದಿನೈದು ದಿನದ ಬಗ್ಗೆ ಅಕ್ಕನನ್ನ ಕೇಳಿದೆ. "ಈ ಪರೀಕ್ಷೆನೇ ಮಾಡಿಲ್ಲದಿದ್ರೆ ಚೆನ್ನಾಗಿರ್ತಿತ್ತು ಅನ್ಸುತ್ತಾ ಅಕ್ಕಾ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಆ ಹದಿನೈದು ದಿನ ಮತ್ತೆ ಯಾರಿಗೂ ಬೇಡ. ಆದ್ರೆ ಪಕ್ಕದ ಮನೆ ಮಗುಗೆ ನಿಜವಾಗ್ಲೂ ಇದ್ದಿದ್ರೆ? ಅದಕ್ಕೋಸ್ಕರ ನಾನು ಇನ್ನೊಂದು ಸಲ ಅಳೋಕೆ ರೆಡಿ ಕಣೇ."

ನಮ್ಮಲ್ಲಿ ಏನಿದೆ? ಭಾರತದಲ್ಲಿ ಹುಟ್ಟೋ ಎಲ್ಲ ಮಕ್ಕಳಿಗೂ ಇಂಥ ಪರೀಕ್ಷೆ ಕಡ್ಡಾಯ ಇಲ್ಲ. ಹಲವು ಖಾಸಗಿ ಆಸ್ಪತ್ರೆಗಳಲ್ಲಿ ದುಡ್ಡು ಕೊಟ್ಟು ಹಿಮ್ಮಡಿ ರಕ್ತದ ಪರೀಕ್ಷೆ ಮಾಡಿಸಬಹುದು. ಯಾವ್ಯಾವ ಕಾಯಿಲೆ ಅದರಲ್ಲಿ ಸೇರಿದೆ ಅನ್ನೋದು ಪ್ಯಾಕೇಜ್ ಮೇಲೆ ಬದಲಾಗುತ್ತೆ. ದೇಶದಲ್ಲಿ ಅಪರೂಪದ ಕಾಯಿಲೆಗಳಿಗೆ ಅಂತ 2021ರಲ್ಲಿ ರಾಷ್ಟ್ರೀಯ ನೀತಿ ಬಂತು. ಪಾಂಪೆ, ಗೋಶೆ ಥರದ ಕಾಯಿಲೆಗಳೂ ಆ ಪಟ್ಟಿಯಲ್ಲಿವೆ. ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿ ಅಂಥ ಒಂದು ಕೇಂದ್ರ ಇದೆ.

50 ಲಕ್ಷ ದೊಡ್ಡ ಮೊತ್ತ ಅನ್ಸುತ್ತೆ. ಆದರೆ ಈ ಎಂಜೈಮ್ ಔಷಧ ಜೀವನಪೂರ್ತಿ ಬೇಕು, ಅದನ್ನ ಕೊಡೋದು ದೇಹದ ತೂಕದ ಲೆಕ್ಕದಲ್ಲಿ. ಮಗು ಬೆಳೆದಷ್ಟೂ ಖರ್ಚು ಬೆಳೆಯುತ್ತೆ. ಮಗು ದಪ್ಪ ಆಯ್ತು ಅಂತ ಖುಷಿ ಪಡಬೇಕಾದ ಅಮ್ಮ, ತೂಕದ ಯಂತ್ರ ನೋಡಿ ಹೆದರೋ ಪರಿಸ್ಥಿತಿ. ನಾನು ಕಾಮರ್ಸ್‌ನವಳು, ಈ ಲೆಕ್ಕ ನನಗೆ ಬೇಗ ಅರ್ಥ ಆಯ್ತು, ಜೀರ್ಣ ಇನ್ನೂ ಆಗಿಲ್ಲ. ಪರೀಕ್ಷೆ ಮಾಡಿ ಕಾಯಿಲೆ ಹೇಳಿ, ಔಷಧಕ್ಕೆ ದಾರಿ ತೋರಿಸದಿದ್ರೆ ಅದು ಎಂಥ ಸಹಾಯ? ಔಷಧ ದುಬಾರಿ ಅಂತ ಪರೀಕ್ಷೆಯೇ ಮಾಡದಿದ್ರೆ, ಸಾಯೋ ಮಕ್ಕಳಿಗೆ ಕಾಯಿಲೆಯ ಹೆಸರೂ ಇರಲ್ಲ. ಹೆಸರಿಲ್ಲದ ಮಕ್ಕಳು ಯಾವ ಬಜೆಟ್ಟಿಗೂ ಕಾಣಲ್ಲ. ನನ್ನ ಮಟ್ಟಿಗೆ, ಮೊದಲು ಎಣಿಸಬೇಕು. ಎಣಿಸದೆ ಇರೋದಕ್ಕೆ ಯಾರೂ ದುಡ್ಡು ತೆಗೆದಿಡಲ್ಲ.

ಕೊನೇದಾಗಿ ಮೂರು ಮಾತು. ನಿಮ್ಮ ಮನೇಲಿ, ಸ್ನೇಹಿತರ ಮನೇಲಿ ಮಗು ಬರೋದಿದ್ರೆ, ಹೆರಿಗೆಗೆ ಮುಂಚೆಯೇ ಆಸ್ಪತ್ರೆಯಲ್ಲಿ ಕೇಳಿ: ಹಿಮ್ಮಡಿ ರಕ್ತದ ಪರೀಕ್ಷೆ ಇದೆಯಾ, ಯಾವ್ಯಾವ ಕಾಯಿಲೆಗೆ? ಎರಡನೇದು, ಮೊದಲ ವರದಿಯಲ್ಲಿ "ಕಡಿಮೆ" ಅಂತ ಬಂದ್ರೆ ಅದು ತೀರ್ಪಲ್ಲ. ಮತ್ತೆ ನೋಡಬೇಕು ಅನ್ನೋ ನೋಟಿಸ್. ಆದರೆ ಆ ನೋಟಿಸನ್ನ ನಿರ್ಲಕ್ಷ್ಯ ಮಾಡಬೇಡಿ, ಕರೆದ ದಿನವೇ ಹೋಗಿ. ಮೂರನೇದು, ಯಾರಾದ್ರೂ ರಾತ್ರಿ ಹತ್ತೂವರೆಗೆ ಅಳ್ತಾ ಫೋನ್ ಮಾಡಿದ್ರೆ, ಗೂಗಲ್ ಆಮೇಲೆ ತೆಗೀರಿ. ಮೊದಲು ಪೂರ್ತಿ ಕೇಳಿಸ್ಕೊಳ್ಳಿ. ನಾನು ಅವತ್ತು ಮಾಡಿದ ತಪ್ಪು ಅದೇ.

ಇವತ್ತಿಗೆ ಇಷ್ಟು. ಎಲ್ಲಾದ್ರೂ ಅರ್ಥ ಆಗದಿದ್ರೆ ವಾಯ್ಸ್ ನೋಟ್ ಕಳಿಸಿ. ಲ್ಯಾಬಿನಲ್ಲಿ ಕೆಲಸ ಮಾಡೋರು ಯಾರಾದ್ರೂ ಕೇಳ್ತಿದ್ರೆ, ನನ್ನ ಅಡಿಕೆ ಲೆಕ್ಕದಲ್ಲಿ ತಪ್ಪಿದ್ರೆ ದಯವಿಟ್ಟು ತಿದ್ದಿ, ಮುಂದಿನ ವಾರ ಹೆಸರು ಹೇಳಿ ಓದ್ತೀನಿ. ಮನೇಲಿ ಪುಟ್ಟ ಮಕ್ಕಳಿದ್ರೆ ನನ್ನ ಕಡೆಯಿಂದ ಒಂದು ಮುತ್ತು ಕೊಡಿ. ಬರ್ತೀನಿ, ನಮಸ್ಕಾರ.